ಪರೀಕ್ಷೆ ಮುಗಿಯುವವರೆಗೆ

ನನ್ನ ಗಂಡ ವಿನಯನ ಅಣ್ಣ ಮಹಾಬಲೇಶ್ವರ ಭಾವ ಮತ್ತು ಅವರ ಹೆಂಡತಿ ಅಹಲ್ಯಕ್ಕ ಪರ್ತ್‌ಗೆ ಹೊರಟುಹೋದ ಮಾರನೆಯ ಬೆಳಿಗ್ಗೆ ಕಸದ ಲಾರಿ ಬಂತು. ಡಬ್ಬವನ್ನು ರಸ್ತೆಯಂಚಿಗೆ ತಳ್ಳಿ ನಿಲ್ಲಿಸುವುದು ವಿನಯನ ಕೆಲಸವಾಗಿತ್ತು. ಲಾರಿ ನಮ್ಮ ಮನೆಯನ್ನು ದಾಟಿಕೊಂಡು ಹೋಯಿತು. ಅವನ ಅಂತ್ಯಕ್ರಿಯೆಗೆ ಬಂದವರು ಉಂಡು ಬಿಟ್ಟ ಪೇಪರ್ ತಟ್ಟೆಗಳು ಇನ್ನೊಂದು ವಾರ ಹಿತ್ತಲಲ್ಲೇ ಇರುತ್ತವೆ ಅಂದುಕೊಂಡೆ. ಬೇರೇನೂ ಅನ್ನಿಸಲಿಲ್ಲ.

ಅಡುಗೆಮನೆಯಲ್ಲಿ ನಮ್ಮ ಬಾಡಿಗೆಯ ಹುಡುಗಿ ಯುತೋಂಗ್ ನೀರು ಕಾಯಿಸುತ್ತಿದ್ದಳು. ಕುದಿ ಬಂದ ಮೇಲೆ ಅಭ್ಯಾಸದಂತೆ ಸಿಂಕಿನ ಪಕ್ಕದ ಕಪಾಟು ತೆಗೆದು ಕೈ ಚಾಚಿದಳು. ಫ್ಲಾಸ್ಕ್ ಅಲ್ಲಿರಲಿಲ್ಲ. ಕಪಾಟು ಮುಚ್ಚಿ, ಖಾಲಿಯಾಗಿದ್ದ ಜಾಮ್ ಬಾಟಲಿಗೆ ನೀರು ಸುರಿದುಕೊಂಡಳು. ಕೈ ಸುಡದ ಹಾಗೆ ಸ್ವೆಟರಿನ ತೋಳಿನಿಂದ ಅದನ್ನು ಹಿಡಿದುಕೊಂಡು ಯೂನಿವರ್ಸಿಟಿಗೆ ಹೊರಟಳು. ನನ್ನನ್ನು ಏನೂ ಕೇಳಲಿಲ್ಲ.

ಫ್ಲಾಸ್ಕ್ ನನ್ನ ಕೋಣೆಯಲ್ಲಿತ್ತು. ಆಸ್ಪತ್ರೆಯವರು ಕೊಟ್ಟ ಪ್ಲಾಸ್ಟಿಕ್ ಚೀಲದಲ್ಲಿ, ವಿನಯನ ವಾಚು, ಬೆಲ್ಟು, ಸೈಟಿನ ಬೂಟುಗಳ ಜೊತೆ. ಆ ದಿನ ಬೆಳಿಗ್ಗೆ ತುಂಬ ಚಳಿ ಇತ್ತು. ಕಿಲ್ಬರ್ನ್‌ನಲ್ಲಿ ಕಟ್ಟುತ್ತಿದ್ದ ಗೋದಾಮಿನ ಸೈಟಿಗೆ ಹೊರಟವನು, ಸಂಜೆ ವಾಪಸು ಕೊಡುತ್ತೇನೆಂದು ಹೇಳಿ ಯುತೋಂಗಳ ಫ್ಲಾಸ್ಕ್ ಕೇಳಿ ತೆಗೆದುಕೊಂಡಿದ್ದ. ಜೀರಿಗೆ ಹಾಕಿ ಕುದಿಸಿದ ನೀರನ್ನು ನಾನೇ ತುಂಬಿಕೊಟ್ಟಿದ್ದೆ. ಮಧ್ಯಾಹ್ನದೊಳಗೆ ಸೈಟಿನಲ್ಲಿ ಕುಸಿದುಬಿದ್ದ. ಹೃದಯ ಎಂದರು ಡಾಕ್ಟರು. ಅವನಿಗಿನ್ನೂ ಮೂವತ್ತೈದು ತುಂಬಿರಲಿಲ್ಲ.

ಫ್ಲಾಸ್ಕ್ ಅಲ್ಲಾಡಿಸಿದರೆ ಒಳಗೆ ನೀರಿನ ಸದ್ದು ಕೇಳುತ್ತಿತ್ತು. ಮುಚ್ಚಳ ತಿರುಗಿಸಲು ನನ್ನಿಂದ ಆಗಿರಲಿಲ್ಲ.

ಇದು ಎರಡು ಸಾವಿರದ ಹದಿನಾರರ ಜೂನ್, ಆಸ್ಟ್ರೇಲಿಯಾದ ಚಳಿಗಾಲದ ಮಾತು. ಯುತೋಂಗ್ ಚೀನಾದ ಸಿಚುವಾನ್ ಕಡೆಯವಳು. ಅಡಿಲೇಡಿನಲ್ಲಿ ಅಕೌಂಟಿಂಗ್ ಓದಲು ಬಂದು, ಮಾಡ್ಬರಿಯ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದಳು. ಯೂನಿವರ್ಸಿಟಿಯಲ್ಲಿ ಅವಳ ಹೆಸರು ಗ್ರೇಸ್. ಅಲ್ಲಿಯವರ ಬಾಯಿಗೆ ಸುಲಭವಾಗಲೆಂದು ತಾನೇ ಇಟ್ಟುಕೊಂಡ ಹೆಸರು. ಮನೆಯಲ್ಲಿ ಮಾತ್ರ ವಿನಯ ಅದನ್ನು ಒಪ್ಪಲಿಲ್ಲ. ಅವಳ ನಿಜವಾದ ಹೆಸರಿನಿಂದಲೇ ಕರೆದ, ನನ್ನನ್ನು ಅಕ್ಕ ಎನ್ನಲು, ತನ್ನನ್ನು ಭಾವ ಎನ್ನಲು ಕಲಿಸಿದ. ಅವಳ ಬಾಯಲ್ಲಿ ಅದು 'ಪಾವಾ' ಆಯಿತು. ಉಳಿದ ಮಾತೆಲ್ಲ ಇಂಗ್ಲಿಷಿನಲ್ಲೇ.

ನೆಗಡಿ, ಹೊಟ್ಟೆನೋವು, ಬೇಸರ, ಏನೇ ಆದರೂ ಅವಳಿಗೆ ಬಿಸಿನೀರೇ ಔಷಧ. ವಿನಯನಿಗೂ ಹಾಗೆಯೇ. "ಇಡೀ ಅಡಿಲೇಡಲ್ಲಿ ಬಿಸಿನೀರು ಕುಡಿಯೋರು ನಾವಿಬ್ಬರೇ. ನೀನು ಮೈಸೂರಿನವಳೇ, ಆಸ್ಪತ್ರೇಲಿ ಅದಲುಬದಲಾಗಿರಬೇಕು" ಎಂದು ರೇಗಿಸುತ್ತಿದ್ದ.

ಆ ಫ್ಲಾಸ್ಕ್ ಅವಳ ಅಜ್ಜಿಯದು. ಅಜ್ಜಿ ಹತ್ತಿ ಗಿರಣಿಯಲ್ಲಿದ್ದಾಗ ಒಳ್ಳೆಯ ಕೆಲಸಗಾರ್ತಿ ಎಂದು ಬಹುಮಾನ ಬಂದದ್ದು. ಮೇಲಿದ್ದ ಕೆಂಪು ಅಕ್ಷರಗಳು ಅರ್ಧ ಅಳಿಸಿಹೋಗಿದ್ದವು. ಅಪ್ಪ ಅಮ್ಮ ದೂರದ ಷೆನ್‌ಜೆನ್‌ನ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದರಿಂದ ಯುತೋಂಗಳನ್ನು ಬೆಳೆಸಿದವಳು ಅಜ್ಜಿ. ಅಪ್ಪ ಅಮ್ಮನನ್ನು ಅವಳು ಕಾಣುತ್ತಿದ್ದದ್ದು ಚೀನೀ ಹೊಸ ವರ್ಷದ ರಜೆಯಲ್ಲಿ ಮಾತ್ರ. ಒಬ್ಬಳೇ ಮಗಳು. ಅವರು ದುಡಿದದ್ದೆಲ್ಲ ಅವಳ ಈ ಓದಿಗೆ. ಮುಂದಿನದನ್ನೂ ಅಮ್ಮ ಗೊತ್ತುಮಾಡಿಟ್ಟಿದ್ದಳು. ಡಿಗ್ರಿ, ವಾಪಸು, ಸರ್ಕಾರಿ ಕೆಲಸದ ಪರೀಕ್ಷೆ, ವಯಸ್ಸು ಮೀರುವ ಮುಂಚೆ ಮದುವೆ. ಯುತೋಂಗ್ ಇದನ್ನೆಲ್ಲ ಬೇರೆ ಯಾರದೋ ಸುದ್ದಿ ಎಂಬಂತೆ ಹೇಳುತ್ತಿದ್ದಳು.

ಇಲ್ಲಿ ಅವಳಿಗೆ ಇಲ್ಲಿಯವರ ಸ್ನೇಹವಾಗಿರಲಿಲ್ಲ. ಕ್ಲಾಸಿನಲ್ಲಿ ಗುಂಪು ಮಾಡಿಕೊಳ್ಳಿ ಎಂದರೆ ಚೀನಾದ ಮಕ್ಕಳು ಕೊನೆಗೆ ಉಳಿದು, ಉಳಿದವರೇ ಒಂದು ಗುಂಪಾಗುತ್ತಿದ್ದರು. ಬಾಯಿಬಿಟ್ಟು ಮಾತಾಡಬೇಕು ಎಂದು ವಿನಯ ಬಯ್ಯುತ್ತಿದ್ದ. ತಾನು ತಲೆಯಲ್ಲಿ ವಾಕ್ಯ ಸರಿಮಾಡಿಕೊಳ್ಳುವಷ್ಟರಲ್ಲಿ ಅವರ ಮಾತು ಮುಂದೆ ಹೋಗಿರುತ್ತದೆ ಎಂದಿದ್ದಳು. ವಿನಯ ಮತ್ತೆ ಬಯ್ಯಲಿಲ್ಲ. ಅವಳು ಮನಸ್ಸು ಬಿಚ್ಚಿ ಮಾತಾಡುತ್ತಿದ್ದದ್ದು ಅಜ್ಜಿಯ ಜೊತೆ ಮಾತ್ರ. ಅಜ್ಜಿಗೆ ಓದು ಬರಹ ಅಷ್ಟಾಗಿ ಬಾರದು. ಫೋನಿನಲ್ಲಿ ದನಿ ಮುದ್ರಿಸಿ ಕಳಿಸುತ್ತಿದ್ದಳು. ಹಿಂದಿನ ಕೋಣೆಯಿಂದ ಬೆಳಿಗ್ಗೆ ಆ ಒರಟು ದನಿ ನಮಗೂ ಕೇಳುತ್ತಿತ್ತು.

ಏಪ್ರಿಲ್ ತಿಂಗಳಲ್ಲಿ ಅಜ್ಜಿ ಸತ್ತಳು. ಮನೆಯವರು ಯುತೋಂಗಳಿಗೆ ಹೇಳಲಿಲ್ಲ. ಬ್ರಿಸ್ಬೇನಿನಲ್ಲಿ ಅವಳ ದೊಡ್ಡಪ್ಪನ ಮಗ ಜುನ್‌ಫೆಂಗ್ ಇದ್ದ. ಅವನು ವಿನಯನಿಗೆ ಫೋನ್ ಮಾಡಿ ಅವಳ ಅಮ್ಮನ ಪರವಾಗಿ ಕೇಳಿಕೊಂಡ. ಜೂನಿನಲ್ಲಿ ಪರೀಕ್ಷೆ. ಈಗ ಗೊತ್ತಾದರೆ ಓಡಿಬರುತ್ತಾಳೆ, ವರ್ಷ ಹಾಳಾಗುತ್ತದೆ. ಪರೀಕ್ಷೆ ಮುಗಿಸಿ ಊರಿಗೆ ಬಂದ ಮೇಲೆ ತಾವೇ ಹೇಳುತ್ತೇವೆ. ಅಲ್ಲಿಯವರೆಗೆ ಅವಳ ಮೇಲೊಂದು ಕಣ್ಣಿಟ್ಟಿರಿ.

ವಿನಯ ಒಪ್ಪಿಕೊಂಡ. ಸರಿಯಾ ಇದು ಎಂದು ನಾನು ಕೇಳಿದ್ದೆ.

"ಪರೀಕ್ಷೆ ಮುಗಿಯೋವರೆಗೆ ಅಷ್ಟೇ ಕಣೇ ಕವನಾ. ನಮ್ಮನೇಲಿ ಮಾಡಲ್ವಾ? ನಮ್ಮ ಸೋದರಮಾವ ಹೋಗಿದ್ದು ನಂಗೆ ಗೊತ್ತಾಗಿದ್ದು ಪಿಯುಸಿ ಕೊನೇ ಪೇಪರ್ ಬರೆದು ಬಂದ್ಮೇಲೆ."

ಅಷ್ಟಕ್ಕೆ ಆ ಮಾತು ಮುಗಿದಿತ್ತು. ಈಗ ಅದನ್ನು ಹೊತ್ತುಕೊಂಡು ಈ ಮನೆಯಲ್ಲಿ ಉಳಿದವಳು ನಾನೊಬ್ಬಳೇ.

ಕಸದ ಲಾರಿ ಬಂದುಹೋದ ಆ ವಾರವೇ ಮೈಸೂರಿನಿಂದ ವಿನಯನ ಅಪ್ಪ, ನನ್ನ ಮಾವ, ಫೋನ್ ಮಾಡಿದರು. ವಿನಯ ಹೋದ ದಿನ ಅವರಿಗೆ ಸುದ್ದಿ ಕೊಟ್ಟದ್ದು ಪರ್ತ್‌ನ ಭಾವ. ಸ್ವಲ್ಪ ಸೀರಿಯಸ್ಸಾಗಿದೆ, ಐಸಿಯುನಲ್ಲಿದ್ದಾನೆ, ಡಾಕ್ಟರು ನೋಡುತ್ತಿದ್ದಾರೆ ಎಂದು ಹೇಳಿದ್ದರು. ನಮ್ಮಲ್ಲಿ ಸಾವಿನ ಸುದ್ದಿಯನ್ನು ಒಂದೇ ಸಲ ಹೇಳುವುದಿಲ್ಲ. ಸೀರಿಯಸ್ ಎಂದರೆ ಕೇಳುವವರು ಅರ್ಥಮಾಡಿಕೊಳ್ಳಬೇಕು. ಮಾವ ಅರ್ಥಮಾಡಿಕೊಳ್ಳಲಿಲ್ಲ. ನಂಬಿದರು. ಮಾರನೆಯ ದಿನ ನಸುಕಿಗೇ ಎದ್ದು ನಂಜನಗೂಡಿಗೆ ಹೋಗಿ ಮಗನ ಹೆಸರಿನಲ್ಲಿ ಅಭಿಷೇಕ ಮಾಡಿಸಿದರು. ತಿರುಗಿ ಬಂದಾಗ ಮನೆಯ ಮುಂದೆ ಜನ ಸೇರಿದ್ದರು.

"ಹೆಸರು, ನಕ್ಷತ್ರ ಹೇಳಿ ಸಂಕಲ್ಪ ಮಾಡಿಸಿದೆ ಕಣಮ್ಮ," ಎಂದರು ಮಾವ. "ಸೂತಕದಲ್ಲಿ ದೇವರ ಮುಂದೆ ಕೂತು ಆಯಸ್ಸು ಕೊಡಪ್ಪ ಅಂತ ಕೇಳ್ಕೊಂಡೆ. ಅವನಾಗಲೇ ಹೆಣ ಆಗಿದ್ದ. ನಾನು ಯಾರಿಗೆ ಕೇಳಿದೆ?"

ದೊಡ್ಡ ಮಗನ ಜೊತೆ ಅವರು ಅಂದಿನಿಂದ ಮಾತು ಬಿಟ್ಟಿದ್ದರು. ಪ್ರಸಾದದ ಪೊಟ್ಟಣ ಇನ್ನೂ ದೇವರ ಮನೆಯಲ್ಲಿದೆ, ಅದನ್ನು ಏನು ಮಾಡಲಿ ಎಂದು ಕೇಳಿದರು.

ಮರುದಿನ ಸಂಜೆ ಯುತೋಂಗ್ ಮಾಡ್ಬರಿಯ ಅಂಗಡಿಯಿಂದ ಒಂದು ಪೆಟ್ಟಿಗೆ ತಂದು ಊಟದ ಮೇಜಿನ ಮೇಲಿಟ್ಟಳು. ಕುರಿ ಉಣ್ಣೆಯ ಚಪ್ಪಲಿ. ಅಜ್ಜಿಯ ಪಾದ ತಣ್ಣಗಿರುತ್ತದೆ, ಗಿರಣಿಯಲ್ಲಿ ನಿಂತು ನಿಂತು ಬೆರಳು ಡೊಂಕಾಗಿವೆ ಎಂದಳು. ನನ್ನನ್ನು ಕೂರಿಸಿ, ನನ್ನ ಕಾಲಿಗೆ ತೊಡಿಸಿ ನೋಡಿದಳು. ಅಜ್ಜಿಯ ಪಾದ ನನ್ನದರಷ್ಟೇ ಉದ್ದವಂತೆ. ಒಳಗೆ ಬೆಚ್ಚಗಿತ್ತು. ಅವಳು ನೆಲದ ಮೇಲೆ ಕೂತು ನನ್ನ ಮುಖವನ್ನೇ ನೋಡುತ್ತಿದ್ದಳು. ವಿನಯ ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ನಾನು ಕೋಣೆಗೆ ಹೋಗಿ ಜುನ್‌ಫೆಂಗನಿಗೆ ಫೋನ್ ಮಾಡಿದೆ. ಅವಳಿಗೆ ಹೇಳಿಬಿಡಿ, ನನ್ನ ಕೈಲಿ ಆಗುವುದಿಲ್ಲ ಎಂದೆ. ಅವನು ಒಳ್ಳೆಯ ಹುಡುಗ. ವಿನಯನ ಬಗ್ಗೆ ದುಃಖ ಹೇಳಿದ. ಆಮೇಲೆ ಬೇಡಿಕೊಂಡ. ಪರೀಕ್ಷೆ ಸೋಮವಾರ ಶುರು, ಗುರುವಾರ ಕೊನೆಯದು. ಇಷ್ಟು ದಿನ ತಡೆದಿದ್ದೇವೆ. ನಮ್ಮಲ್ಲಿ ಹೀಗೆಯೇ, ನಿಮಗೆ ಅರ್ಥವಾಗುವುದು ಕಷ್ಟ ಎಂದ. ನಮ್ಮಲ್ಲೂ ಹೀಗೆಯೇ ಎಂದೆ. ಹಾಗಾದರೆ ಇನ್ನೇನು ಎಂದ.

ಮಾವನ ಪ್ರಸಾದದ ಪೊಟ್ಟಣ ನನ್ನ ತಲೆಯಿಂದ ಹೋಗಲಿಲ್ಲ. ಈ ಚಪ್ಪಲಿಯನ್ನು ಅವಳು ಊರಿಗೆ ಒಯ್ಯುತ್ತಾಳೆ, ಬಾಗಿಲಲ್ಲಿ ನಿಂತು ಅಜ್ಜಿಯನ್ನು ಕರೆಯುತ್ತಾಳೆ ಅಂದುಕೊಂಡೆ. ಹಾಗಾಗಬಾರದು ಅನ್ನಿಸಿತು. ಆ ದಿನಗಳಲ್ಲಿ ನನಗೆ ಸ್ಪಷ್ಟವಾಗಿ ಅನ್ನಿಸಿದ್ದು ಅದೊಂದೇ.

ಭಾನುವಾರ ಬೆಳಿಗ್ಗೆ ಅವಳು ಮೇಜಿನ ಮೇಲೆ ಪುಸ್ತಕ ಹರಡಿಕೊಂಡಿದ್ದಾಗ ಎದುರು ಕೂತು ಹೇಳಿದೆ. ನಿನ್ನ ಅಜ್ಜಿ ಏಪ್ರಿಲ್‌ನಲ್ಲಿ ತೀರಿಕೊಂಡರು. ನಿದ್ದೆಯಲ್ಲಿ ಹೋದರಂತೆ. ಪರೀಕ್ಷೆ ಮುಗಿಯಲಿ ಎಂದು ಯಾರೂ ಹೇಳಲಿಲ್ಲ. ಸುತ್ತಿಬಳಸದೆ ಹೇಳಿದೆ, ನನಗೆ ಯಾರಾದರೂ ಹಾಗೆ ಹೇಳಬೇಕಿತ್ತು ಎಂಬಂತೆ.

ಅವಳು ಪೆನ್ನಿನ ಮುಚ್ಚಳ ಹಾಕಿದಳು.

"ನಾನು ಕೇಳಿದ್ದೆನಾ?" ಎಂದಳು.

ಏನನ್ನು ಎಂದೆ.

"ಏಪ್ರಿಲ್‌ನಿಂದ ಅಜ್ಜಿಯ ದನಿ ಬಂದಿಲ್ಲ. ಗಂಟಲು ಸರಿ ಇಲ್ಲ ಅಂತ ಅಮ್ಮ ಹೇಳಿದಳು. ಯಾವ ಗಂಟಲು ಇಷ್ಟು ದಿನ ಕೆಟ್ಟಿರುತ್ತೆ, ಅಕ್ಕಾ? ನಾನು ಕೇಳಲಿಲ್ಲ. ಅಮ್ಮನನ್ನು ಕೇಳಲಿಲ್ಲ, ಪಾವಾನನ್ನು ಕೇಳಲಿಲ್ಲ, ನಿಮ್ಮನ್ನೂ ಕೇಳಲಿಲ್ಲ. ಕೇಳದೆ ಇದ್ದರೆ ಗುರುವಾರದವರೆಗೆ ಅಜ್ಜಿ ಇರುತ್ತಿದ್ದಳು." ಅವಳ ದನಿ ಏರಲಿಲ್ಲ. "ನಿಮಗೆ ಹಗುರ ಆಗಬೇಕಿತ್ತು. ಅದಕ್ಕೆ ಹೇಳಿದಿರಿ."

ಪುಸ್ತಕಗಳನ್ನು ಎತ್ತಿಕೊಂಡು ಹಿಂದಿನ ಕೋಣೆಗೆ ಹೋದಳು.

ಸೋಮವಾರ ಅವಳು ಪರೀಕ್ಷೆಗೆ ಹೋದಳು. ಉಳಿದ ದಿನಗಳೂ ಹೋಗಿಬಂದಳು. ನಾನು ಮಾಡಿಟ್ಟ ಊಟ ಉಂಡಳು, ತಟ್ಟೆ ತೊಳೆದಿಟ್ಟಳು. ಅಕ್ಕಾ ಎಂದು ಮತ್ತೆ ಕರೆಯಲಿಲ್ಲ. ಊರಿಗೆ ಹೋಗುವ ಟಿಕೆಟ್ ರದ್ದುಮಾಡಿ ಬ್ರಿಸ್ಬೇನಿಗೆ ದೊಡ್ಡಪ್ಪನ ಮಗನ ಹತ್ತಿರ ಹೊರಟಳು. ಹಿಂದಿನ ಕೋಣೆ ಗುಡಿಸಲು ಹೋದಾಗ ಉಣ್ಣೆಯ ಚಪ್ಪಲಿ ಮಂಚದ ಕೆಳಗಿತ್ತು, ಪೆಟ್ಟಿಗೆಯ ಸಮೇತ. ಫ್ಲಾಸ್ಕಿನ ಬಗ್ಗೆ ಅವಳು ಕೊನೆಯವರೆಗೂ ಕೇಳಲಿಲ್ಲ. ಸತ್ತವನ ಕೈಯಲ್ಲಿದ್ದ ವಸ್ತುವನ್ನು ಅವನ ಹೆಂಡತಿಯ ಹತ್ತಿರ ಕೇಳುವುದು ಹೇಗೆ ಎಂದು ಸುಮ್ಮನಿದ್ದಳೋ, ಅದೂ ಅಜ್ಜಿಯ ಜೊತೆ ಹೋಯಿತು ಅಂದುಕೊಂಡಳೋ.

ಆಗಸ್ಟ್‌ನಲ್ಲಿ ನಾನು ಮಾಡ್ಬರಿಯ ಮನೆ ಖಾಲಿ ಮಾಡಿದೆ. ಪರ್ತ್‌ನ ಪಿಯಾರಾ ವಾಟರ್ಸ್‌ನಲ್ಲಿ ನಮಗೊಂದು ಕೋಣೆ ಹೆಚ್ಚಿಗಿದೆ, ಬಂದುಬಿಡು ಎಂದು ಅಹಲ್ಯಕ್ಕ ದಿನವೂ ಫೋನ್ ಮಾಡುತ್ತಿದ್ದರು. ಬೇಡ ಎನ್ನಲು ಕಾರಣ ಬೇಕು, ನನ್ನಲ್ಲಿ ಇರಲಿಲ್ಲ. ಅದಕ್ಕೆ ಮುಂಚೆ ಬ್ರಿಸ್ಬೇನಿಗೆ ಹೋಗಿ ಫ್ಲಾಸ್ಕ್ ಕೊಟ್ಟುಬರುತ್ತೇನೆ ಎಂದಾಗ, ಪರ್ತ್ ಇರುವುದು ಈ ಕಡೆ, ಬ್ರಿಸ್ಬೇನ್ ಇರುವುದು ಆ ಕಡೆ, ಕೊರಿಯರ್ ಮಾಡಿದರೆ ಆಗದೇ ಎಂದರು ಭಾವ. ಆಗುತ್ತಿತ್ತು.

ಹೊರಡುವ ದಿನ ಫ್ಲಾಸ್ಕಿನ ಮುಚ್ಚಳ ತಿರುಗಿಸಿದೆ. ಬಿಗಿಯಾಗಿತ್ತು, ನಾನೇ ಬಿಗಿ ಮಾಡಿದ್ದು. ನೀರು ಕಂಠದವರೆಗೂ ಇರಲಿಲ್ಲ. ಒಂದೆರಡು ಗುಟುಕು ಕುಡಿದಿದ್ದ. ನಾನು ಓದಿದ್ದು ಮೈಕ್ರೋಬಯಾಲಜಿ, ಕೆಲಸ ಮಾಡುವುದು ಲ್ಯಾಬಿನಲ್ಲಿ. ಅಷ್ಟು ದಿನದ ನೀರು ಹೇಗಿರುತ್ತದೆ ಎಂದು ಗೊತ್ತಿತ್ತು. ಆದರೂ ಮೂಗಿನ ಹತ್ತಿರ ಹಿಡಿದೆ. ಆಮೇಲೆ ಸಿಂಕಿಗೆ ಸುರಿದೆ. ಇನ್ನೆಲ್ಲಿಗೆ ಸುರಿಯಬೇಕೋ ತಿಳಿಯಲಿಲ್ಲ. ಜೀರಿಗೆಯ ಕಾಳುಗಳು ಜಾಲರಿಯ ಮೇಲೆ ಉಳಿದವು. ಅವನ್ನು ಬೆರಳಿನಿಂದ ಬಳಿದು ಕಸದ ಡಬ್ಬಕ್ಕೆ ಹಾಕಿ, ಫ್ಲಾಸ್ಕನ್ನು ಕುದಿಯುವ ನೀರಿನಲ್ಲಿ ಎರಡು ಸಲ ತೊಳೆದೆ.

ಯುತೋಂಗ್ ಬ್ರಿಸ್ಬೇನಿನ ಸನ್ನಿಬ್ಯಾಂಕ್‌ನಲ್ಲಿ ಟೀ ಮಾರುವ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಸುತ್ತಲೂ ಚೀನೀ ಬೋರ್ಡುಗಳು. ನನ್ನನ್ನು ಕಂಡು ಏಪ್ರನ್ ಬಿಚ್ಚಿ ಹೊರಗೆ ಬಂದಳು. ಕೂದಲು ಗಿಡ್ಡ ಮಾಡಿಸಿಕೊಂಡಿದ್ದಳು. ಅಂಗಡಿಯ ಮುಂದಿನ ಬೆಂಚಿನಲ್ಲಿ ಕೂತೆವು. ಫಲಿತಾಂಶ ಬಂದಿತ್ತು. ಎರಡು ವಿಷಯ ಹೋಗಿದ್ದವು. ಮೊದಲ ಪೇಪರಿನಲ್ಲಿ ಹೆಸರು ಬರೆದು ಎರಡು ಗಂಟೆ ಸುಮ್ಮನೆ ಕೂತಿದ್ದೆ ಎಂದಳು.

ನಾನು ಹೇಳಿದ್ದರಿಂದ ಎಂದೆ.

ಅಂಗಡಿಯೊಳಗಿಂದ ಯಾರೋ ಕರೆದರು, ಬಂದೆ ಎಂದು ಕೈ ತೋರಿಸಿದಳು.

"ಅಮ್ಮ ನಿಮಗೆ ಫೋನ್ ಮಾಡಬಹುದು," ಎಂದಳು. "ಪಾಸಾಗಿದೆ ಅಂತ ಹೇಳಿದೀನಿ. ಕೇಳಿದರೆ ನೀವೂ ಹಾಗೇ ಹೇಳಿ. ಅಪ್ಪನಿಗೆ ಬಿಪಿ ಇದೆ. ಹೊಸ ವರ್ಷ ಕಳೆಯೋವರೆಗೆ ಅಷ್ಟೇ, ಅಕ್ಕಾ."

ಅಕ್ಕಾ ಎಂದದ್ದು ಕೇಳಿಸಿತು. ಅದಕ್ಕಾಗಿಯೇ ಅಂದಳೇನೋ. ಮಾವನ ಪೊಟ್ಟಣ ನೆನಪಾಯಿತು, ಪೆಟ್ಟಿಗೆಯಲ್ಲಿದ್ದ ಚಪ್ಪಲಿ ನೆನಪಾಯಿತು. ಹೇಳಬೇಕಾದ್ದನ್ನು ಹೇಳಿದ್ದಾಗಿತ್ತು ಒಮ್ಮೆ.

ಆಗಲಿ ಎಂದೆ.

ಆಮೇಲೆ ಚೀಲದಿಂದ ಫ್ಲಾಸ್ಕ್ ತೆಗೆದು ಕೊಟ್ಟೆ. ಸಂಜೆ ಕೊಡುತ್ತೇನೆಂದು ತೆಗೆದುಕೊಂಡಿದ್ದ, ತಡವಾಯಿತು ಎಂದೆ. ಅವಳು ಎರಡೂ ಕೈಯಿಂದ ತೆಗೆದುಕೊಂಡಳು. ಒಳಗೆ ಏನಾದರೂ ಇದೆಯೇ ಎಂದು ಕಿವಿಯ ಹತ್ತಿರ ಹಿಡಿದು, ಮೆಲ್ಲಗೆ ಅಲ್ಲಾಡಿಸಿ ನೋಡಿದಳು.