ಹೆಸರಿಲ್ಲದ ಫೋಟೊ

ಬಲ ಮೂಲೆಯಲ್ಲಿ ಏನೋ ಕಿತ್ತಳೆ ಬಣ್ಣದ್ದು, ಮಸುಕು ಮಸುಕು, ಇರಲಿ, ಮೊದಲು ಮನುಷ್ಯನನ್ನು ನೋಡೋಣ — ಗೂಡಿನಂಥ ಕೋಣೆಯ ಕಿಟಕಿಯಲ್ಲಿ ಬಾಯಿ ತೆರೆದು ತೂಕಡಿಸುತ್ತಿರುವ ಕಾವಲುಗಾರ ಪ್ಯೋ ಅಜ್ಜ, ಯಾರೋ ಮೇಲಿನ ಮಹಡಿಯಿಂದ ತೆಗೆದದ್ದು, ಕೆಳಗೊಂದು ಸಾಲು, ಇಂಥವ್ರಿಗೆ ಇನ್ನೊಂದ್ ವರ್ಷ ಕೆಲಸ ಬೇಕಾ? ನೂರ ನಲವತ್ತು ಲೈಕು, ಥೂ, ಸಂಜೆ ಆರಕ್ಕೆ ಸಭೆ, ಅಜ್ಜ ಇರಬೇಕೋ ಹೋಗಬೇಕೋ ಅಂತ ಕೈ ಎತ್ತುತ್ತಾರೆ, ಈಗಾಗಲೇ ನಾಲ್ಕೂವರೆ. ಕೊರಿಯಾದ ಸುವೊನ್‌ ಊರಿನ ಈ ಅಪಾರ್ಟ್‌ಮೆಂಟಿನ ಆನ್‌ಲೈನ್ ಚರ್ಚಾಕಟ್ಟೆಗೆ ಬೊಕ್‌ಹೀಯೇ ನಿರ್ವಾಹಕಿ, ಮುಖ ಕಾಣುವ ಫೋಟೊ ಹಾಕಬಾರದೆಂಬ ನಿಯಮ ಬರೆದವಳೂ ಅವಳೇ, ಅಳಿಸುವ ಗುಂಡಿ ಬೆರಳಿನಡಿಯೇ ಇದೆ, ಆದರೂ ಬೆಳಗ್ಗೆಯಿಂದ ಒತ್ತಿಲ್ಲ. ಹೇಗೆ ಒತ್ತುವುದು? ಹೋದ ತಿಂಗಳು ಗೆಳತಿ ತಕ್‌ಳ ನಾಯಿ ಲಿಫ್ಟಿನಲ್ಲಿ ಗಲೀಜು ಮಾಡಿದ ಫೋಟೊವನ್ನು, ತಕ್‌ಳ ಮುಖ ಕಾಣುತ್ತದೆಂದು ಅಳಿಸಿದ್ದಕ್ಕೆ ನೆರೆಯವರಿಂದ ಎಷ್ಟು ಮಾತು ಕೇಳಿದಳು, ನಿಮ್ಮೋರಾದ್ರೆ ನಿಯಮ, ಬೇರೆಯೋರಾದ್ರೆ ಚರ್ಚೆ, ಅಲ್ವೇನಮ್ಮ?

ಬೇರೆ ಪುಟಗಳಲ್ಲಾದರೆ ಹೆಸರಿನ ಜಾಗದಲ್ಲಿ ಮನೆ ನಂಬರೇ ಇರಬೇಕು, ಈ ಫೋಟೊ ಬಂದ ದೂರಿನ ಪುಟದಲ್ಲಿ ಮಾತ್ರ ನಿರ್ವಾಹಕಿಗೂ ಯಾರೆಂದು ಕಾಣದು, ಪಾಪ ಹೆದರುವವರೂ ಬಾಯಿ ಬಿಡಲಿ ಅಂತ ಅವಳೇ ಮಾಡಿಸಿದ್ದು, ಈಗ ನೋಡು, ಲಿಫ್ಟಿನಲ್ಲಿ ನಕ್ಕವರೆಲ್ಲ ಕಳ್ಳರಂತೆ ಕಾಣುತ್ತಾರೆ — ಏಳನೇ ಮಹಡಿಯ ಗಣಿತದ ಮೇಷ್ಟ್ರೇ? ಕಸ ಬೇರ್ಪಡಿಸುವ ದಿನ ರಟ್ಟಿನ ಡಬ್ಬಿಯ ಟೇಪು ಕಿತ್ತಿಲ್ಲ ಅಂತ ಅಜ್ಜ ಅವರನ್ನು ಗದರಿದ್ದ, ಆದರೆ ಅವತ್ತು ಗದರಿಸಿಕೊಂಡದ್ದು ಮೇಷ್ಟ್ರೊಬ್ಬರೇ ಅಲ್ಲವಲ್ಲ, ಗಂಡ ಚಾಂಗ್‌ಸಿಕ್ ಕೂಡ, ಊಟಕ್ಕೆ ಕೂತು ನಗುತ್ತಲೇ ಅಂದಿದ್ದ, ಆ ಮುದುಕಂಗೆ ಎಷ್ಟು ಕೊಬ್ಬು ನೋಡೇ. ನಿನ್ನೆ ಮಧ್ಯಾಹ್ನ ಬಾಲ್ಕನಿಯಲ್ಲಿ ಫೋನು ಹಿಡಿದು ಬಗ್ಗಿದ್ದ, ಏನ್ರೀ ಅಲ್ಲಿ? ಏನಿಲ್ಲ ಕಣೇ, ಗಾಳಿ. ಛೆ, ಛೆ, ಕಟ್ಟಿಕೊಂಡವನ ಮೇಲೂ ಅನುಮಾನವೇ, ಎಂದುಕೊಳ್ಳುತ್ತಲೇ ಎರಡು ಬೆರಳಿಂದ ಫೋಟೊ ಹಿಗ್ಗಿಸಿದಳು, ಬಲ ಮೂಲೆ — ಒಣಗಲು ನೇತುಹಾಕಿದ ಪರ್ಸಿಮನ್ ಹಣ್ಣಿನ ಸರ, ಎಲ್ಲರ ಬಾಲ್ಕನಿಯಲ್ಲೂ ಇರುತ್ತೆ ಬಿಡು, ಆದರೆ ಕೆಳಗಿನಿಂದ ಮೂರನೇ ಗಂಟು ಖಾಲಿ. ಅಲ್ಲಿನ ಹಣ್ಣು ಕಿತ್ತವಳು ಅವಳೇ, ಮೊನ್ನೆ, ಅಜ್ಜನ ಕೈಗೆ ಕೊಟ್ಟಿದ್ದಳು, ಇನ್ನೂ ಪೂರ್ತಿ ಒಣಗಿಲ್ಲ ಅಜ್ಜ, ಹಲ್ಲಿಲ್ಲದೋನಿಗೆ ಇದೇ ವಾಸಿ ಕಣಮ್ಮ. ಅಯ್ಯೋ, ಈಗ ಅಳಿಸಿದರೆ ಗಂಡನನ್ನು ಮುಚ್ಚಿಟ್ಟಳು ಅಂತಾರೆ, ಬಿಟ್ಟರೆ ಅಜ್ಜನ ಅನ್ನ ಹೋಗುತ್ತದೆ, ಬೆಳಗ್ಗೆಯೇ ಒತ್ತಿದ್ದರೆ, ನಿಯಮವಿತ್ತಲ್ಲ — ಫೋನು ನಡುಗಿತು, ಹೊಸದೊಂದು ಕಮೆಂಟು, ಆ ಹಣ್ಣಿನ ಸರ ಯಾರ ಮನೇದು? ಬಾಗಿಲು ತೆರೆದ ಸದ್ದು, ಗಂಡನ ದನಿ, ಏನೇ, ಸಭೆಗೆ ಹೊರಡಲ್ವಾ, ಬೊಕ್‌ಹೀ ತಿರುಗಲಿಲ್ಲ, ಗುಂಡಿಯ ಮೇಲೆ ಬೆರಳು, ಕಣ್ಣು ಬಾಲ್ಕನಿಯಲ್ಲಿ, ಕೆಳಗಿನಿಂದ ಒಂದು, ಎರಡು, ಖಾಲಿ ಗಂಟು