ಗೇಟಿನೊಳಗೆ ಚಿಕ್ಕಮ್ಮ ಅನ್ನಬಾರದು

ನಾನು ಎಂ.ಎಸ್ಸಿ. ಎರಡನೇ ವರ್ಷಕ್ಕೆ ಬಂದಾಗ ನನ್ನ ಚಿಕ್ಕಮ್ಮ ಅದೇ ವಿಶ್ವವಿದ್ಯಾಲಯದಲ್ಲಿ ಬಿ.ಎ. ಮೊದಲ ವರ್ಷಕ್ಕೆ ಸೇರಿದಳು. ತಲೆ ಅರ್ಧ ನೆರೆತಿತ್ತು. ವರ್ಷಗಟ್ಟಲೆ ಹೊಲಿಗೆ ಅಂಗಡಿ ನಡೆಸಿ, ಒಂದು ದಿನ ಕತ್ತರಿ ಕೆಳಗಿಟ್ಟು "ಇನ್ನು ಓದ್ತೀನಿ" ಎಂದವಳು. ಮನೆಯವರೆಲ್ಲ ಮೂಗಿನ ಮೇಲೆ ಬೆರಳಿಟ್ಟರು. ನಾನು ನನ್ನ ಬಾಡಿಗೆ ಕೋಣೆಯಲ್ಲಿ ಇನ್ನೊಂದು ಮಂಚ ಹಾಕಿಸಿದೆ.

ಮೊದಲ ದಿನವೇ ಕಟ್ಟಪ್ಪಣೆಯಾಯಿತು. "ನೋಡೇ, ಗೇಟಿನ ಒಳಗೆ ನೀನ್ಯಾರೋ ನಾನ್ಯಾರೋ. ಚಿಕ್ಕಮ್ಮ ಗಿಕ್ಕಮ್ಮ ಅಂದ್ಯೋ, ಹುಷಾರ್! ಎಲ್ಲರ ಹಾಗೆ ನಾನೂ ಒಬ್ಬ ಸ್ಟೂಡೆಂಟು."

"ಆಗಲಿ ಮಹಾತಾಯಿ," ಎಂದೆ.

ಶರತ್ಕಾಲ ಬಂತು. ಬೆಳಗಿನ ಮಂಜಿನಲ್ಲಿ ಕಟ್ಟಡಗಳು ಇನ್ನೂ ನಿದ್ದೆ ಬಿಟ್ಟಿರುತ್ತಿರಲಿಲ್ಲ. ಬಿಸಿಲೇರಿದರೆ ಇಡೀ ಆವರಣ ಜೇನಿನ ಬಣ್ಣಕ್ಕೆ ತಿರುಗುತ್ತಿತ್ತು. ಕಿಟಕಿಯಿಂದ ಎಲೆಯೊಂದು ತೇಲಿ ಬಂದರೆ ಪಾಠ ಮಾಡುವವರೂ ಹೇಳುತ್ತಿದ್ದುದನ್ನು ಮರೆತು ಅದನ್ನೇ ನೋಡುತ್ತಿದ್ದರು. ನನಗಂತೂ ನಡೆಯುವಾಗಲೇ ಕನಸು ಬೀಳುತ್ತಿತ್ತು.

ನನ್ನ ಪ್ರಾಜೆಕ್ಟು ಎಂದರೆ ಗ್ರಂಥಾಲಯದ ಹಿಂದಿನ ಮರದ ಒಂದು ಕೊಂಬೆ. ಅದರ ಎಲೆಗಳ ತೊಟ್ಟಿಗೆ ಕೆಂಪು ದಾರ ಕಟ್ಟಿದ್ದೆ. ಉದುರಿದ್ದನ್ನು ಆಯ್ದು ತೂಗಬೇಕು. ಚಿಕ್ಕಮ್ಮನಿಗೆ "ಎಲೆ ತೂಗ್ತೀನಿ" ಎಂದಷ್ಟೇ ಹೇಳಿದ್ದೆ. "ಅದಕ್ಕೂ ಎರಡು ವರ್ಷ ಬೇಕೇನೇ?" ಎಂದು ಬಿದ್ದು ಬಿದ್ದು ನಕ್ಕಿದ್ದಳು. ಆದರೆ ದಾರದ ಎಲೆಗಳಲ್ಲಿ ಎಷ್ಟೋ ಕಾಣೆಯಾಗುತ್ತಿದ್ದವು. ನಾನು ಗಾಳಿಗೆ ಹಿಡಿಶಾಪ ಹಾಕುತ್ತಿದ್ದೆ.

ಆ ಕೊಂಬೆಯ ಕೆಳಗಿನ ಬೆಂಚಿನಲ್ಲಿ ಮಧ್ಯಾಹ್ನ ಚಿಕ್ಕಮ್ಮ ಒಬ್ಬಳೇ ಕೂತು ಡಬ್ಬಿ ಬಿಚ್ಚುವುದು ಪ್ರಯೋಗಾಲಯದ ಕಿಟಕಿಯಿಂದ ಕಾಣುತ್ತಿತ್ತು. ಪಕ್ಕದಲ್ಲಿ ಹೋಗಿ ಕೂರೋಣ ಅನ್ನಿಸುತ್ತಿತ್ತು. ಕಟ್ಟಪ್ಪಣೆ ನೆನಪಾಗಿ ಸುಮ್ಮನಾಗುತ್ತಿದ್ದೆ.

ಕೊಂಬೆ ಪೂರ್ತಿ ಬೋಳಾಯಿತು. ಮುಂದಿನ ವಾರ ಒಂದು ಸಂಜೆ ಕೋಣೆಗೆ ಬಂದರೆ ಚಿಕ್ಕಮ್ಮ ಪೆಟ್ಟಿಗೆ ತುಂಬುತ್ತಿದ್ದಳು.

"ನಾಳೆ ಆಫೀಸಿಗೆ ಹೋಗಿ ಹೆಸರು ತೆಗೆಸ್ತೀನಿ. ಸಾಕಾಯ್ತು ಕಣೇ. ಕ್ಲಾಸಲ್ಲಿ ಎಲ್ಲರೂ ಎದ್ದು ಜಾಗ ಕೊಡ್ತಾರೆ. ಪಕ್ಕ ಮಾತ್ರ ಯಾರೂ ಕೂರಲ್ಲ."

ಅವಳ ಕೈಯ ಪುಸ್ತಕ ಕಿತ್ತುಕೊಂಡೆ. ಪುಟಗಳ ನಡುವಿನಿಂದ ಒಣ ಎಲೆಗಳು ಜಾರಿದವು. ಎಲ್ಲಕ್ಕೂ ಕೆಂಪು ದಾರ.

"ಇವು ನಿನ್ನ ಹತ್ರ ಹೇಗೆ ಬಂದ್ವು?"

"ಆಹಾ, ಏನೂ ಗೊತ್ತಿಲ್ಲದವಳ ಹಾಗೆ! ಗುಂಡಿ ಹೊಲಿಯೋ ಗಂಟು ನಿನಗೆ ಕಲಿಸಿದ್ದು ಯಾರೇ? ಬೆಂಚಿನ ಮೇಲೆ ಮೊದಲನೇದು ಕಂಡಾಗಲೇ ಗುರುತು ಹಿಡಿದೆ. ಮಾತಾಡಬೇಡ ಅಂದಿದ್ದಕ್ಕೆ ಎಲೆ ಇಟ್ಟು ಹೋಗ್ತಿದಾಳೆ ನಮ್ಮ ಹುಡುಗಿ ಅಂತ. ಅದನ್ನ ನೋಡ್ಕೊಂಡೇ ಇಷ್ಟು ದಿನ ತಡ್ಕೊಂಡೆ." ಅವಳ ದನಿ ಇಳಿಯಿತು. "ಈ ವಾರ ಒಂದೂ ಇರಲಿಲ್ಲ. ನಿನಗೂ ಬೇಜಾರಾಯ್ತು ಅನ್ಕೊಂಡೆ."

ನಿಜ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. ಅವಳ ಮೇಲೆ ಅಷ್ಟು ಪ್ರೀತಿ ಎಂದೂ ಉಕ್ಕಿರಲಿಲ್ಲ.

ಮರುದಿನ ಮಧ್ಯಾಹ್ನ ಹುಲ್ಲಿನ ಮೇಲೆ ಹುಡುಗ ಹುಡುಗಿಯರು ಗುಂಪು ಗುಂಪಾಗಿ ತೂಕಡಿಸುತ್ತಿದ್ದರು. ಆಚೆ ಬದಿಯಲ್ಲಿ ಚಿಕ್ಕಮ್ಮ ತಲೆ ತಗ್ಗಿಸಿ ಆಫೀಸಿನ ಕಡೆ ನಡೆದಿದ್ದಳು. ನಾನು ಡಬ್ಬಿ ಹಿಡಿದು ಆ ಕೊಂಬೆಯ ಕೆಳಗಿನ ಬೆಂಚು ಹತ್ತಿ ನಿಂತು ಗಂಟಲು ಹರಿಯುವಂತೆ ಕೂಗಿದೆ.

"ಚಿಕ್ಕಮ್ಮಾ!"

ಎಲ್ಲರೂ ತಿರುಗಿ ನೋಡಿದರು. ಅವಳು ನಿಂತಳು. ಕಣ್ಣಲ್ಲೇ ನುಂಗುವವಳಂತೆ ಎಲೆಗಳನ್ನು ತುಳಿಯುತ್ತ ಬಂದಳು.

"ಮಾನ ಹರಾಜು ಹಾಕಿದ್ಯಲ್ಲೇ!"

ನಾನು ಇಳಿದು ಬೆಂಚಿನ ಮೇಲೆ ಕೂತೆ. "ಎಲೆ ಖಾಲಿಯಾಯ್ತು ಚಿಕ್ಕಮ್ಮ. ಅದಕ್ಕೇ ನಾನೇ ಬಂದೆ."

ಅವಳು ತಲೆಯೆತ್ತಿ ಬೋಳು ಕೊಂಬೆಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಪಕ್ಕದಲ್ಲಿ ಕೂತು, ಸೆರಗಿನಿಂದ ಮುಖ ಒರೆಸಿಕೊಂಡಳು.

"ಡಬ್ಬಿ ತೆಗಿ ಬೇಗ," ಎಂದಳು. "ಎರಡು ಗಂಟೆಗೆ ನನಗೆ ಕ್ಲಾಸಿದೆ."