ದಳಪತಿಯ ಹೊಟ್ಟೆ

ವಸ್ತುಸಂಗ್ರಹಾಲಯದ ಹಿಂದಿನ ಕೋಣೆಯಲ್ಲಿ ಹಳೆಯ ಬಟ್ಟೆಗಳನ್ನು ಸರಿಪಡಿಸುವವಳನ್ನು ಎಲ್ಲರೂ ಟೈಲರಮ್ಮ ಅನ್ನುತ್ತಿದ್ದರು. ಪಕ್ಕದ ಕೋಣೆಯ ಬಡಗಿ ಅವಳ ಗಂಡ. ಅವನು ಮರದ ಮೈ ಮಾಡಿಕೊಟ್ಟರೆ ಇವಳು ಅದಕ್ಕೆ ಉಡುಪು ತೊಡಿಸುವುದು. ಇಪ್ಪತ್ತೆರಡು ವರ್ಷದಿಂದ ಹೀಗೇ ನಡೆದಿತ್ತು. ಮನೆಯಲ್ಲಿ ಶುರುವಾದ ಜಗಳ ಎಷ್ಟೋ ಸಲ ಇಲ್ಲಿಗೆ ಬಂದು ಮುಗಿಯುತ್ತಿತ್ತು.

ಈ ಸಲ ಬಂದದ್ದು ಹುಲಿ ದಳಪತಿಯ ಯುದ್ಧದಂಗಿ. ಹತ್ತಿ ತುಂಬಿ ಹೊಲಿದು ಎದೆಗೆ ಕಬ್ಬಿಣದ ತಗಡು ಕೂರಿಸಿದ್ದರು. ದಳಪತಿ ಅಂದರೆ ಸಾಮಾನ್ಯನೇ? ಕೋಟೆಗೋಡೆಯನ್ನು ಒಂದೇ ನೆಗೆತಕ್ಕೆ ಹಾರಿದ, ನೂರು ಜನರನ್ನು ಒಬ್ಬನೇ ಅಟ್ಟಾಡಿಸಿದ ಅಂತ ಅವನ ಮೇಲೆ ಹಾಡುಗಳೇ ಇದ್ದವು. ಮಹಡಿಯ ಮೇಲಿನ ಚಿತ್ರದಲ್ಲಿ ಅವನ ಸೊಂಟ ಹಿಡಿಯಷ್ಟು. ಬಡಗಿ ಅದನ್ನು ನೋಡಿಯೇ ಮೈ ಕೆತ್ತಿದ್ದ. ಅಂಗಿ ತೊಡಿಸಿದರೆ ಜೋತುಬಿತ್ತು.

“ರೀ, ನಿಮ್ಮ ದಳಪತಿ ಊಟ ಬಿಟ್ಟಿದ್ದಾನಾ?”

“ಚಿತ್ರದಲ್ಲಿದ್ದ ಹಾಗೇ ಮಾಡಿದ್ದೀನಿ ಕಣೇ. ಅಂಗೀನೇ ದೊಗಳೆ.”

ಟೈಲರಮ್ಮ ಅಂಗಿಯನ್ನು ಮೇಜಿನ ಮೇಲೆ ಹರಡಿ ಒಳಮಗ್ಗುಲನ್ನು ಭೂತಗನ್ನಡಿಯಲ್ಲಿ ನೋಡಿದಳು. ಎರಡೂ ಪಕ್ಕಕ್ಕೆ ಪಟ್ಟಿ ಕೊಟ್ಟು ಅಗಲ ಮಾಡಿದ್ದರು. ಒಂದು ಸಲವಲ್ಲ, ನಾಲ್ಕು ಸಲ. ಪ್ರತಿ ಪಟ್ಟಿಯ ಬಟ್ಟೆಯೂ ಬೇರೆ, ಹೊಲಿದ ಕೈ ಮಾತ್ರ ಒಂದೇ. ಹೊಲಿಗೆಗಳೆಲ್ಲ ಎಡಕ್ಕೆ ವಾಲಿದ್ದವು.

ಮಾರನೇ ದಿನ ವಸ್ತುಸಂಗ್ರಹಾಲಯದ ನಿರ್ದೇಶಕರು ಬಂದರು. ಪ್ರದರ್ಶನಕ್ಕೆ ಹತ್ತೇ ದಿನ ಬಾಕಿ.

“ಹೆಚ್ಚಾಗಿರೋದನ್ನ ಹಿಂದಕ್ಕೆ ಮಡಚಿ ಪಿನ್ನು ಹಾಕಿಬಿಡಮ್ಮ. ಜನ ಬರೋದು ಹುಲೀನ ನೋಡೋಕೆ, ಹೊಟ್ಟೇನ ಅಲ್ಲ.”

ಅವರಿಗೆ ಅವಳು ಯಾವತ್ತೂ ಎದುರಾಡಿದವಳಲ್ಲ. ಈ ಸಲ ಮಾತ್ರ ಭೂತಗನ್ನಡಿಯನ್ನು ಅವರ ಕೈಗಿಟ್ಟಳು.

“ಮಡಚಿದರೆ ಬಟ್ಟೆ ಸೀಳಿಹೋಗತ್ತೆ ಸಾರ್. ಮೊದಲು ಇಲ್ಲಿ ನೋಡಿ. ಈ ಮೊದಲನೇ ಪಟ್ಟಿ, ಹೊಲಿಗೆ ಸಾಸಿವೆಯಷ್ಟು ಸಣ್ಣ. ಎರಡನೇದೂ ಪರವಾಗಿಲ್ಲ. ಈ ಕೊನೇದು ನೋಡಿ, ಅಡ್ಡಾದಿಡ್ಡಿ. ಅಷ್ಟು ಹೊತ್ತಿಗೆ ಹೊಲಿದೋರಿಗೆ ಕಣ್ಣು ಮಂಜಾಗಿರಬೇಕು. ಹಾಗಿದ್ರೂ ಬೇರೆಯವರ ಕೈಗೆ ಕೊಟ್ಟಿಲ್ಲ.”

ನಿರ್ದೇಶಕರು ಬಗ್ಗಿ ನೋಡಿದರು. ತುಂಬಾ ಹೊತ್ತು ಬಗ್ಗಿಯೇ ಇದ್ದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು.

“ಯಾರಿರಬಹುದಮ್ಮ? ಹೆಂಡತಿಯಾ?”

“ಹೆಂಡತಿಯೋ, ಅಕ್ಕನೋ, ಯಾರಿಗೆ ಗೊತ್ತು ಸಾರ್. ಹೊಲಿಗೆ ಎಡಕ್ಕೆ ವಾಲಿದೆ, ಎಡಗೈಲಿ ಹೊಲಿಯೋರು. ಅವನ ಜೊತೇಲೇ ಮುದುಕರಾದೋರು.”

ಅವರು ಬಡಗಿಯ ಕಡೆ ತಿರುಗಿದರು. “ಹೊಟ್ಟೆ ಇಡಪ್ಪ.”

“ಎಷ್ಟು ಇಡಲಿ ಸಾರ್?”

ಟೈಲರಮ್ಮ ಟೇಪನ್ನು ಗಂಡನ ಸೊಂಟಕ್ಕೇ ಸುತ್ತಿದಳು. “ಸರಿಯಾಗಿ ಇಷ್ಟೇ ಸಾರ್. ನೂಲಷ್ಟೂ ವ್ಯತ್ಯಾಸ ಇಲ್ಲ.” ನಿರ್ದೇಶಕರು ಬಿದ್ದು ಬಿದ್ದು ನಕ್ಕರು. ಬಡಗಿ ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಂಡ. “ಬಿಡ್ರೀ, ಸಾಕು” ಅಂತ ಅವಳು ಮೆಲ್ಲಗೆ ತಟ್ಟಿದಳು.

ಪ್ರದರ್ಶನದ ದಿನ ದಳಪತಿ ಗಾಜಿನೊಳಗೆ ತುಂಬುಹೊಟ್ಟೆಯಲ್ಲಿ ನಿಂತ. ಬಂದವರು ಮೊದಲು ನಕ್ಕು, ಆಮೇಲೆ ಹತ್ತಿರ ಹೋಗಿ ಪಕ್ಕದ ಹೊಲಿಗೆಯನ್ನು ಹುಡುಕುತ್ತಿದ್ದರು. ಕೆಳಗಿನ ಫಲಕದಲ್ಲಿ ನಿರ್ದೇಶಕರೇ ಒಂದು ಸಾಲು ಸೇರಿಸಿದ್ದರು: “ಈ ಅಂಗಿಯನ್ನು ನಾಲ್ಕು ಬಾರಿ ಬಿಚ್ಚಿ ಅಗಲ ಮಾಡಿದವರು ಒಬ್ಬರೇ. ಹೆಸರು ತಿಳಿದಿಲ್ಲ.”

ಟೈಲರಮ್ಮ ಅದನ್ನು ಎರಡು ಸಲ ಓದಿಕೊಂಡಳು. ಅಷ್ಟರಲ್ಲಿ ನಿರ್ದೇಶಕರು ಜನರನ್ನು ಸರಿಸಿಕೊಂಡು ಅವಳ ಬಳಿ ಬಂದರು.

“ಸೋಮವಾರದಿಂದ ರಾಜರ ಉಡುಪಿನ ಪೆಟ್ಟಿಗೆ ತೆಗೆಯೋಣಮ್ಮ. ಅದರಲ್ಲಿ ಯಾರ್ಯಾರ ಕೈ ಇದೆಯೋ, ನೀವೇ ನೋಡಿ ಹೇಳಬೇಕು.”